ಒತ್ತಿಲ್ಲದ ಕನ್ನಡ

ಹಲಸೂರು
೯ ಜೂನ್ ೨೦೨೪

ಪ್ರೀತಿಯ ಕಾವೇರಿ,

ಕ್ಷೇಮ ಸಮಾಚಾರ ಕೇಳುವಷ್ಟು ಉತ್ಸಾಹವೂ ಉಳಿದಿಲ್ಲ, ಆದರೂ ಕೇಳಿದ್ದೇನೆ ಎಂದುಕೋ. ನಮ್ಮ ಹೊಸ ನಿಯಮದ ಪ್ರಕಾರ ಇದು ಮೊದಲ ಕಾಗದ. ಗೇಮ್ ಕಟ್ಟುವ ಸಾಫ್ಟ್‌ವೇರಿನ, ಅದೇ ನಮ್ಮ ಇಂಜಿನ್ನಿನ ವಿಷಯವನ್ನು ವಾಟ್ಸಾಪಿನಲ್ಲಿ ಎತ್ತಬಾರದು, ಫೋನಿನಲ್ಲಿ ಎತ್ತಬಾರದು, ಅಂಚೆಯಲ್ಲಿ ಮಾತ್ರ ಎಂದು ನೀನು ಟೀಚರ್ ಕೆಲಸಕ್ಕೆಂದು ಲಿಂಗಸೂಗೂರಿನ ಬಸ್ ಹತ್ತುವ ಮುಂಚೆ ಹೇಳಿದಾಗ ನಗು ಬಂದಿತ್ತು. ಈಗ ಅದೇ ಸರಿ ಅನ್ನಿಸುತ್ತಿದೆ. ಚಾಟ್‌ನಲ್ಲಿ ಜಗಳವಾಡಿ ಎರಡು ವರ್ಷದಲ್ಲಿ ಎರಡು ಸಲ ಇಂಜಿನ್ ಬದಲಾಯಿಸಿ, ಕೊನೆಗೆ ನನ್ನ ಹಳೆಯದಕ್ಕೇ ಬಂದೆವು. ಪ್ರತಿ ಸಲವೂ ಪಾಯ ಕಿತ್ತು, ಎದ್ದಿದ್ದ ಗೋಡೆಯನ್ನೂ ಕೆಡವಿದ್ದಾಯಿತು. ಕಾಗದ ತಲುಪುವಷ್ಟರಲ್ಲಿ ಸಿಟ್ಟಾದರೂ ಆರಿರುತ್ತದೆ.

ಈಗ ವಿಷಯ. ನಮ್ಮ ಗೇಮ್‌ನಲ್ಲಿ ಓಟವಿಲ್ಲ, ಗುಂಡು ಹಾರಿಸುವುದಿಲ್ಲ. ರಾಯಚೂರು ಕಡೆಯಿಂದ ಬಂದ ಒಂದು ಸಂಸಾರ ಗರುಡಾಚಾರ್‌ಪಾಳ್ಯದಲ್ಲಿ ಬಾಡಿಗೆ ಖೋಲಿ ಹುಡುಕುತ್ತದೆ, ಒಂಬತ್ತು ಬಾಗಿಲು ತಟ್ಟುತ್ತದೆ, ಪ್ರತಿ ಬಾಗಿಲಲ್ಲೂ ಮಾತು. ಅಂದರೆ ಅದರಲ್ಲಿ ಇರುವುದೆಲ್ಲ ನೀನು ಬರೆದ ಅಕ್ಷರ. ಆ ಅಕ್ಷರವನ್ನೇ ನಾನು ಆರು ವರ್ಷದಿಂದ ಪಳಗಿಸಿಕೊಂಡಿರುವ ಈ ಇಂಜಿನ್ ನುಂಗಲಾರದು, ಉಗುಳಲಾರದು. ಗುಣಿತಾಕ್ಷರಗಳಿಗೆ ಒಂದು ಪಟ್ಟಿ ಮಾಡಿ ಹೇಗೋ ಕೂರಿಸಿದೆ. ಒತ್ತಕ್ಷರ ಮಾತ್ರ ಕೆಳಗೆ ಇಳಿಯುವುದಿಲ್ಲ, ಪಕ್ಕದಲ್ಲಿ ನಿಲ್ಲುತ್ತದೆ. ನೀನು ‘ಅವ್ವ’ ಎಂದು ಬರೆದದ್ದು ಪರದೆಯ ಮೇಲೆ ‘ಅವ್‌ವ’ ಎಂದು ಬರುತ್ತದೆ. ‘ಅಲ್ಲ’ ಹೋಗಿ ‘ಅಲ್‌ಲ’.

ದಾರಿ ಎರಡು. ಹಳೆಯದರಲ್ಲೇ ಇದ್ದು, ಒತ್ತು ಬಂದ ಸಾಲುಗಳನ್ನೆಲ್ಲ ಚಿತ್ರ ಮಾಡಿ ಅಂಟಿಸುವುದು. ಇಲ್ಲವೇ ಉಚಿತವಾಗಿ ಸಿಗುವ ಹೊಸ ಇಂಜಿನ್‌ಗೆ ಹೋಗುವುದು. ಅದರಲ್ಲಿ ಕನ್ನಡ ಅಚ್ಚುಕಟ್ಟಾಗಿ ಬರುತ್ತದಂತೆ. ಆದರೆ ಅದರ ಅ ಆ ಇ ಈ ನನಗೆ ಗೊತ್ತಿಲ್ಲ. ಡಿಸೆಂಬರಿನಲ್ಲಿ ಇಂದಿರಾನಗರದ ಗೇಮ್ ಮೇಳದಲ್ಲಿ ನಮ್ಮ ಹೆಸರಿಗೆ ಒಂದು ಟೇಬಲ್ ಇದೆ, ನೆನಪಿರಲಿ. ಕುಣಿಯಲಾರದವಳು ನೆಲ ಡೊಂಕು ಅಂದಳು ಅನ್ನಬೇಡ. ಈ ಒತ್ತುಗಳು ನನ್ನ ಜೀವ ತೆಗೆಯುತ್ತಿವೆ.

ಇನ್ನೊಂದು. ಆರನೇ ಬಾಗಿಲನ್ನು ತೆಗೆದುಬಿಡೋಣವೇ? ಮಕ್ಕಳಿರುವವರಿಗೆ ಮನೆ ಕೊಡುವುದಿಲ್ಲ ಅನ್ನುವ ಮನೆಯೊಡತಿ, ಹುಡುಗಿಯನ್ನು ತೋರಿಸಿ ನಿಮ್ಮ ಮಗಳಾ ಎಂದು ಕೇಳುತ್ತಾಳೆ. ಆಡುವವರು ‘ಹೌದು’ ಒತ್ತಿದರೆ ಬಾಗಿಲು ಮುಚ್ಚುತ್ತದೆ, ‘ಅಲ್ಲ’ ಒತ್ತಿದರೆ ತೆರೆಯುತ್ತದೆ. ಹೆತ್ತ ತಾಯಿ ಹಾಗೆ ಅನ್ನುತ್ತಾಳೆ ಎಂದರೆ ಯಾರೂ ನಂಬುವುದಿಲ್ಲ. ಕೆಲಸವೂ ಸ್ವಲ್ಪ ಉಳಿಯುತ್ತದೆ.

ನಿನ್ನ
ನಂದಿತಾ

ಲಿಂಗಸೂಗೂರು
೨೨ ಜೂನ್ ೨೦೨೪

ನಂದಿತಾ,

ನಿನ್ನ ಕಾಗದವನ್ನು ಹೆಡ್‌ಮಾಸ್ತರು ಕೈಗೆ ಕೊಡುತ್ತಾ, ಈಗಿನ ಕಾಲದಲ್ಲಿ ಕೈಬರಹದ ಕಾಗದ ಬಂದರೆ ಲಗ್ನದ ಮಾತೇ ಇರಬೇಕು ಎಂದರು. ಇಂಜಿನ್ ವಿಷಯ ಎಂದೆ. ಟ್ರ್ಯಾಕ್ಟರ್ ಕೊಳ್ಳುತ್ತೀರಾ ಎಂದು ಕೇಳಿದರು. ಹೌದು ಎಂದುಬಿಟ್ಟೆ, ವಿವರಿಸುವ ಶಕ್ತಿ ಇರಲಿಲ್ಲ. ಹೆಡ್‌ಮಾಸ್ತರಿಗೆ ಕಚೇರಿಯ ಕೆಲಸವೇ ಮುಗಿಯದು, ಒಂದರಿಂದ ಐದನೇ ತರಗತಿಯವರೆಗೆ ಒಬ್ಬಳೇ ಟೀಚರ್ ನಾನು. ಮಧ್ಯಾಹ್ನದ ಹೊತ್ತಿಗೆ ಗಂಟಲು ಒಣಗಿ ಕಟ್ಟಿಗೆಯಾಗಿರುತ್ತದೆ.

ಮೂರನೇ ಸಲ ಇಂಜಿನ್ ಬದಲಾಯಿಸುವುದು ಬೇಡ. ದೊಮ್ಮಲೂರಿನ ಆಫೀಸಿನಲ್ಲಿ ನಾವಿಬ್ಬರೂ ಒಟ್ಟಿಗೆ ಕೆಲಸ ಮಾಡುತ್ತಿದ್ದಾಗ ಪಕ್ಕದ ಕುರ್ಚಿಯಿಂದ ನಿನ್ನ ಮುಖ ನೋಡುತ್ತಿದ್ದೆ. ಎರಡನೇ ಸಲ ಬದಲಾಯಿಸಿದಾಗ ನೀನು ಒಂದು ವಾರ ಯಾರೊಂದಿಗೂ ಮಾತಾಡಲಿಲ್ಲ. ಹಳೆಯದರಲ್ಲೇ ಇರು. ಅಕ್ಷರದ ಭಾರ ನನಗೆ ಬಿಡು. ಹೇಗೆ ಎಂದು ಕೇಳಬೇಡ.

ಅವ್ವ ಓದು ಕಲಿತದ್ದು ಐವತ್ತರ ವಯಸ್ಸಿನಲ್ಲಿ, ಅದೂ ನನ್ನಿಂದ. ಬಸ್ಸಿನ ಬೋರ್ಡು ಓದುತ್ತಾಳೆ, ಅವಳು ಹೌಸ್‌ಕೀಪಿಂಗ್ ಮಾಡುವ ಆಫೀಸಿನಲ್ಲಿ ಅಂಟಿಸಿದ ಕನ್ನಡದ ಚೀಟಿ ಓದುತ್ತಾಳೆ. ಇಷ್ಟು ಉದ್ದದ್ದನ್ನು ಯಾವತ್ತೂ ಓದಿಲ್ಲ. ಈ ಗೇಮ್ ಒಂದನ್ನು ಯಾರ ಸಹಾಯವೂ ಇಲ್ಲದೆ ಅವಳು ಕೊನೆಯವರೆಗೂ ಓದಬೇಕು. ನಾನು ಬರೆದದ್ದು ಅಷ್ಟಕ್ಕೇ. ಮೇಳ, ಟೇಬಲ್ಲು ನಿನ್ನ ಸಂತೋಷಕ್ಕೆ.

ಆರನೇ ಬಾಗಿಲು ಇರಲಿ. ಯಾರು ನಂಬದಿದ್ದರೂ ಇರಲಿ.

ಕಾವೇರಿ

ಹಲಸೂರು
೨೧ ಜುಲೈ ೨೦೨೪

ಕಾವೇರಿ,

ಸರಿ, ಕೇಳುವುದಿಲ್ಲ. ನೀನೂ ನನ್ನನ್ನು ಹೆಚ್ಚು ಕೇಳಬೇಡ. ಆಫೀಸಿಗೆ ಹೊರಡುವ ಮುಂಚೆ ದಿನಾ ಎರಡು ಗಂಟೆ ಕೂರುತ್ತಿದ್ದೇನೆ, ಕೆಲಸ ಸಾಗುತ್ತಿದೆ ಎಂದಷ್ಟೇ ತಿಳಿದುಕೋ. ಯಾವ ಕಡೆಗೆ ಎಂಬುದು ಬೇರೆ ಮಾತು.

ಬಾಗಿಲುಗಳ ಚಿತ್ರಗಳು ಮುಗಿದವು. ರಸೆಲ್ ಮಾರುಕಟ್ಟೆಯ ಹಿಂದಿನ ಬೋರ್ಡ್ ಬರೆಯುವ ಜಿಯಾವುಲ್ಲಾ ಅವರನ್ನು ಹಿಡಿದಿದ್ದೆನಲ್ಲ, ಅವರು ಒಂಬತ್ತನ್ನೂ ತಗಡಿನ ಮೇಲೆ ಎನಾಮಲ್ ಪೇಂಟಿನಲ್ಲೇ ಬರೆದುಕೊಟ್ಟಿದ್ದಾರೆ. ಫೋಟೋ ತೆಗೆದು ಗೇಮ್‌ಗೆ ಹಾಕಬೇಕು. ನನ್ನ ಅಕ್ಷರದ ಗೋಳನ್ನು ಅವರ ಮುಂದೆ ತೋಡಿಕೊಂಡೆ. ಅವರಿಗೆ ಇಂಜಿನ್ ಗೊತ್ತಿಲ್ಲ, ಅಕ್ಷರ ಗೊತ್ತು. “ಒತ್ತಿಗೆ ಜಾಗ ಮೊದ್ಲೇ ಬಿಡ್ಬೇಕು ಮೇಡಂ. ಮೇಲಿಂದೆಲ್ಲ ಬರ್ದಾದ್ಮೇಲೆ ಹುಡುಕಿದ್ರೆ ಎಲ್ಲಿಂದ ಬರುತ್ತೆ?” ಎಂದರು. ಆರು ವರ್ಷದ ಹಿಂದೆ ಯಾರಾದರೂ ನನಗೆ ಇದನ್ನು ಹೇಳಬೇಕಿತ್ತು.

ದಸರಾ ರಜೆಗೆ ಬರುತ್ತೀಯಲ್ಲ, ಆಗ ಕೆರೆಯ ಬಳಿ ಕೂರೋಣ.

ನಂದಿತಾ

ಲಿಂಗಸೂಗೂರು
೨೪ ಅಕ್ಟೋಬರ್ ೨೦೨೪

ನಂದಿತಾ,

ರಜೆಗೆ ಬಂದಾಗ ಹೇಳಬೇಕೆಂದಿದ್ದೆ. ಹಲಸೂರು ಕೆರೆಯ ಕಟ್ಟೆಯ ಮೇಲೆ ಒಂದು ಗಂಟೆ ಕುಳಿತು ಕಡಲೆಕಾಯಿ ಬಿಡಿಸಿ ಎದ್ದು ಬಂದೆವು. ಒಟ್ಟಿಗಿದ್ದಾಗ ಇಂಜಿನ್ ಮಾತು ಬೇಡ ಎಂಬ ನಿಯಮ ಮಾಡಿದವಳೇ ನಾನಲ್ಲವೇ? ಮಾಡಿದ್ದುಣ್ಣೋ ಮಹಾರಾಯ.

ಜೂನ್‌ನಿಂದ ಮಾಡುತ್ತಿರುವುದು ಇಷ್ಟು. ಒಂಬತ್ತು ಬಾಗಿಲ ಮಾತನ್ನೂ ಒಂದೇ ಒಂದು ಒತ್ತಕ್ಷರ ಬಾರದ ಹಾಗೆ ಮತ್ತೆ ಬರೆಯುತ್ತಿದ್ದೇನೆ. ಒತ್ತುಗಳು ನಿನ್ನ ಜೀವ ತೆಗೆಯುತ್ತಿವೆ ಎಂದೆಯಲ್ಲ, ಒತ್ತನ್ನೇ ತೆಗೆದರಾಯಿತು ಎಂದುಕೊಂಡೆ. ಸುಲಭ ಎಂದುಕೊಂಡಿದ್ದೆ. ಶಾಲೆ ಬಿಟ್ಟ ಮೇಲೆ ಕರಿಹಲಗೆಯ ಮೇಲೆ ಬರೆದು, ಒರೆಸಿ, ಬರೆದು, ನನ್ನ ಭಾಷೆ ನನಗೇ ಮೊದಲ ಸಲ ಕಂಡ ಹಾಗಾಯಿತು.

ಕೇಳು. ಅವ್ವ ಹೋದಳು, ಆ ಜಾಗಕ್ಕೆ ಪುಸ್ತಕದ ‘ತಾಯಿ’ ಬಂದಳು. ಅಪ್ಪ, ಅಣ್ಣ, ಅಕ್ಕ, ತಮ್ಮ, ಅಜ್ಜ, ಅಜ್ಜಿ, ಎಲ್ಲರೂ ಹೋದರು. ಉಳಿದವರು ಮಾವ, ನಾದಿನಿ, ಮೈದುನ, ಸೊಸೆ. ನಮ್ಮವರನ್ನು ಕರೆಯುವ ಮಾತಿಗೆಲ್ಲ ಒತ್ತು, ಬೀಗರಿಗೆ ಒಂದೂ ಇಲ್ಲ. ಅತ್ತೆ ಮಾತ್ರ ಅಲ್ಲೂ ಒತ್ತು ಹಿಡಿದುಕೊಂಡೇ ಕೂತಿದ್ದಾಳೆ. ರೊಟ್ಟಿ ಇಲ್ಲ, ಉಪ್ಪು ಇಲ್ಲ, ಅನ್ನ ಇಲ್ಲ. ‘ಕನ್ನಡ’ ಎಂಬ ಪದವೇ ಇಲ್ಲ. ಊರಿಗೆ ಏನೂ ಆಗಿಲ್ಲ ನೋಡು, ಹಲಸೂರು, ಶಿವಾಜಿನಗರ, ಇಂದಿರಾನಗರ, ಬೆಂಗಳೂರು ಎಲ್ಲ ಹಾಗೇ ಇವೆ.

ಮೊದಲ ನಗು ಮುಗಿದ ಮೇಲೆ ಅಳು ಬಂತು. ನನ್ನ ಅನ್ನುವ ಹಾಗಿಲ್ಲ, ನಮ್ಮ ಅನ್ನುವ ಹಾಗಿಲ್ಲ. ಆರನೇ ಬಾಗಿಲಲ್ಲಿ ಹೌದು ಅನ್ನಬಹುದು, ಅಲ್ಲ ಅನ್ನಲಾಗದು. ‘ಈಕೆ ಬೇರೆಯವರ ಮಗಳು’ ಎಂದು ಬರೆದಿದ್ದೇನೆ. ಬರೆದು ಮುಗಿಸಿದ್ದೇನೆ, ಒಂಬತ್ತೂ. ಹಾಳೆ ಇ-ಮೇಲ್ ಮಾಡಿದ್ದೇನೆ. ಇನ್ನು ನಿನ್ನ ಇಂಜಿನ್‌ಗೆ ಯಾವ ಕಷ್ಟವೂ ಇಲ್ಲ. ನನಗೆ ಮಾತ್ರ ತುಂಬ ದಣಿವಾಗಿದೆ.

ಕಾವೇರಿ

ಹಲಸೂರು
೩ ನವೆಂಬರ್ ೨೦೨೪

ಕಾವೇರಿ,

ನಿನ್ನ ಕಾಗದ ಓದಿ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದೇನೆ. ಮೊನ್ನೆ ರಾಜ್ಯೋತ್ಸವ. ನಮ್ಮ ರಸ್ತೆಯ ಆಟೋಗಳಿಗೆಲ್ಲ ಇನ್ನೂ ಕೆಂಪು ಹಳದಿ ಬಾವುಟ ಇದೆ. ಒಳಗೆ ನಾವಿಬ್ಬರೂ ಸೇರಿ ಕನ್ನಡಕ್ಕೆ ಮಾಡಿರುವ ಸೇವೆ ಇದು.

ನಾನು ಹಳೆಯ ಇಂಜಿನ್ ಮುಟ್ಟಿ ನಾಲ್ಕು ತಿಂಗಳಾಯಿತು. ನಿನ್ನ ಜೂನ್ ಕಾಗದ ಬಂದ ಮಾರನೇ ವಾರವೇ ಹೊಸದಕ್ಕೆ ಹೋದೆ. ನಿಮ್ಮವ್ವ ಓದಬೇಕು ಎಂದು ಬರೆದಿದ್ದೆಯಲ್ಲ, ಅದನ್ನು ಓದಿದ ಮೇಲೆ ‘ಅವ್‌ವ’ ಎಂದು ತೋರಿಸುವ ಡಬ್ಬಿಯಲ್ಲಿ ಕೆಲಸ ಮಾಡಲು ಮನಸ್ಸು ಬರಲಿಲ್ಲ. ನಿನಗೆ ಹೇಳಿದರೆ ಬೇಡ ಅನ್ನುತ್ತೀಯ, ನನ್ನ ಮೇಲೆ ಮರುಕ ಪಡುತ್ತೀಯ ಎಂದು ಹೇಳಲಿಲ್ಲ. ಬೆಳಗಿನ ಎರಡು ಗಂಟೆಯಲ್ಲಿ ಮಗು ತೊದಲುವ ಹಾಗೆ ಮೊದಲಿನಿಂದ ಕಲಿತೆ. ಆರು ವರ್ಷದ ಕೈಚಳಕ ಎಲ್ಲ ಹೋಗಿ, ಒಂದು ಬಾಗಿಲು ತೆರೆಯುವ ಹಾಗೆ ಮಾಡಲು ಒಂಬತ್ತು ದಿನ ಹಿಡಿಯಿತು. ಆರು ಬಾಗಿಲು ಮುಗಿದಿವೆ. ಅದರಲ್ಲಿರುವುದು ನಿನ್ನ ಮೊದಲಿನ ಮಾತು, ಎಲ್ಲ ಒತ್ತುಗಳ ಸಮೇತ.

ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ಇದರಲ್ಲಿ ಎತ್ತು ಯಾರು ಎಂದು ಜಗಳವಾಡುವ ಶಕ್ತಿ ನನಗಿಲ್ಲ.

ಈಗ ಎರಡು ಗೇಮ್ ಇವೆ. ಹಳೆಯ ಇಂಜಿನ್‌ನಲ್ಲಿ ನಿನ್ನ ಒತ್ತಿಲ್ಲದ ಮಾತು ಹಾಕಿದರೆ ಡಿಸೆಂಬರಿಗೆ ಮುಗಿಯುತ್ತದೆ. ಹೊಸದರಲ್ಲಾದರೆ ಮುಂದಿನ ವರ್ಷವೇ. ಎರಡನ್ನೂ ಹೊರುವ ಶಕ್ತಿ ನನಗಿಲ್ಲ, ಆರಿಸುವ ಧೈರ್ಯವೂ ಇಲ್ಲ. ಓದಬೇಕಾದವರೇ ಆರಿಸಲಿ. ಹದಿನೇಳನೇ ತಾರೀಕು ಭಾನುವಾರ ಗರುಡಾಚಾರ್‌ಪಾಳ್ಯಕ್ಕೆ ಹೋಗಿ ಎರಡನ್ನೂ ನಿಮ್ಮವ್ವನ ಕೈಗೆ ಕೊಡುತ್ತೇನೆ. ಬೇಡ ಎಂದರೆ ಅಷ್ಟರೊಳಗೆ ಬರೆ.

ನಂದಿತಾ

ಲಿಂಗಸೂಗೂರು
೧೨ ನವೆಂಬರ್ ೨೦೨೪

ನಂದಿತಾ,

ಬೇಡ. ತೋರಿಸುವುದಾದರೆ ಐದನೇ ಬಾಗಿಲಿಗೆ ನಿಲ್ಲಿಸು.

ಆರನೆಯದು ಕಥೆಯಲ್ಲ. ಆಗ ನನಗೆ ಏಳು ವರ್ಷ. ಕೈಯಲ್ಲಿ ನೀಲಿ ಬಕೆಟ್ ಹಿಡಿದು ಅವ್ವನ ಹಿಂದೆ ನಿಂತಿದ್ದೆ. ಅಪ್ಪನನ್ನು ಕೆಲಸಕ್ಕೆ ಇಟ್ಟುಕೊಂಡ ಮೇಸ್ತ್ರಿ ಶೆಡ್ ಖಾಲಿ ಮಾಡಿ ಎಂದಿದ್ದ. ಅವತ್ತು ಸಂಜೆಯೊಳಗೆ ಒಂದು ಸೂರು ಬೇಕಿತ್ತು. ಮನೆಯೊಡತಿ ನನ್ನನ್ನು ತೋರಿಸಿ ಕೇಳಿದಳು. ಅವ್ವ ನನ್ನ ಕಡೆ ತಿರುಗಿಯೂ ನೋಡದೆ, “ಅಲ್ರಿ, ಈಕಿ ನಮ್ಮಾಕಿ ಅಲ್ಲ” ಅಂದಳು. ಎಂಟು ದಿನ ಊರ ಕಡೆಯ ಇನ್ನೊಂದು ಸಂಸಾರದ ಜೊತೆ ಇದ್ದೆ. ಆಮೇಲೆ ಮನೆಯೊಡತಿಗೆ ಗೊತ್ತಾಯಿತು, ಅವ್ವ ಕಾಲು ಹಿಡಿದಳು, ನನ್ನನ್ನು ಒಳಗೆ ಬಿಟ್ಟರು.

ಅವ್ವನಿಗೆ ಬೇರೆ ದಾರಿ ಇರಲಿಲ್ಲ ಎಂದು ನನಗೆ ಗೊತ್ತು. ಬಹಳ ವರ್ಷದಿಂದ ಗೊತ್ತು. ಆದರೂ ಯಾರಾದರೂ ಎತ್ತರದ ದನಿಯಲ್ಲಿ ‘ಅಲ್ಲ’ ಅಂದರೆ ಇವತ್ತಿಗೂ ತಿರುಗಿ ನೋಡುತ್ತೇನೆ. ಇಪ್ಪತ್ತು ವರ್ಷದಲ್ಲಿ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಅವಳು ಓದಲಿ ಎಂದೇ ಬರೆದೆ. ಈಗ ಓದುತ್ತಾಳೆ ಎಂದಾಗ ಬೇಡ ಅನ್ನುತ್ತಿದ್ದೇನೆ. ನಾನು ಇಷ್ಟು ವರ್ಷ ಇದನ್ನು ಲೆಕ್ಕ ಇಟ್ಟುಕೊಂಡಿದ್ದೆ ಎಂದು ಅವಳಿಗೆ ಅನ್ನಿಸಿದರೆ?

ಫೋನ್ ಮಾಡಿ ಹೇಳಬಹುದು. ನಿಯಮ ಎಂಬ ನೆಪ ಇಟ್ಟುಕೊಂಡು ಅಂಚೆಗೆ ಹಾಕುತ್ತಿದ್ದೇನೆ. ಯಾಕೆ ಎಂದು ನನಗೇ ಸರಿಯಾಗಿ ತಿಳಿಯುತ್ತಿಲ್ಲ.

ಕಾವೇರಿ

ಹಲಸೂರು
೧೮ ನವೆಂಬರ್ ೨೦೨೪

ಕಾವೇರಿ,

ನಿನ್ನ ಕಾಗದ ಇವತ್ತು ಮಧ್ಯಾಹ್ನ ಬಂತು. ನಾನು ನಿನ್ನೆ ಹೋಗಿ ಬಂದೆ.

ಜೂನ್‌ನಲ್ಲಿ ಆ ಬಾಗಿಲು ತೆಗೆಯೋಣ, ಯಾರೂ ನಂಬುವುದಿಲ್ಲ ಎಂದು ಬರೆದವಳು ನಾನು. ಕ್ಷಮಿಸು ಅನ್ನುವುದು ಸಣ್ಣ ಮಾತು, ಆದರೂ ಕ್ಷಮಿಸು. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ನಿಮ್ಮಪ್ಪ ಬಸಣ್ಣನವರು ವಾಚ್‌ಮನ್ ಡ್ಯೂಟಿಗೆ ಹೋಗಿದ್ದರು. ನಿಮ್ಮವ್ವ ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು ಕುಳಿತರು. ಮೊದಲು ಫೋನಿನಲ್ಲಿ ಒತ್ತಿಲ್ಲದ್ದನ್ನು ತೆರೆದು ಕೊಟ್ಟೆ. ಪಟಪಟನೆ ಓದಿದರು, ನನಗೇ ಆಶ್ಚರ್ಯವಾಯಿತು. ಎರಡನೇ ಬಾಗಿಲಿಗೆ ನಿಲ್ಲಿಸಿ, ಚೆನ್ನಾಗಿದೆ, ಇದು ಯಾರ ಕಥೆ ಎಂದು ಕೇಳಿದರು. ನಿಮ್ಮ ಮಗಳು ಬರೆದದ್ದು ಎಂದೆ. ನಂಬಲಿಲ್ಲ. “ತಾಯಿ ತಾಯಿ ಅಂತೈತಿ ಹುಡುಗಿ. ನಮ್ಮ ಕಾವೇರಿ ಹಂಗ ಅನ್ನಾಂಗಿಲ್ಲ. ಇದು ಯಾವುದೋ ಸಾಲಿ ಪುಸ್ತಕದ್ದು” ಎಂದರು.

ಆಮೇಲೆ ಇನ್ನೊಂದನ್ನು ಕೊಟ್ಟೆ. ಮೊದಲ ಪದದಲ್ಲೇ ನಿಂತರು. ಬೆರಳಿಟ್ಟು, ಅ, ವ, ಕೆಳಗೆ ಮತ್ತೆ ವ ಎಂದು ಬಾಯಲ್ಲೇ ಜೋಡಿಸಿ, “ಅವ್ವ” ಅಂದರು. ನನ್ನ ಮುಖ ನೋಡಿದರು. ಅಲ್ಲಿಂದ ಪ್ರತಿ ಒತ್ತಿಗೂ ತಡೆದು ತಡೆದು ಓದಿದರು. ಐದು ಬಾಗಿಲಿಗೆ ಒಂದು ಗಂಟೆಯ ಮೇಲಾಯಿತು. ದಣಿವಾಗಿದ್ದರೆ ಬಿಡಿ ಎಂದೆ, ಕೇಳಲಿಲ್ಲ.

ಆರನೇ ಬಾಗಿಲಲ್ಲಿ ಪ್ರಶ್ನೆ ಬಂತು. ‘ಹೌದು’ ಒತ್ತಿದರು. ಬಾಗಿಲು ಮುಚ್ಚಿತು. ಮತ್ತೆ ತಟ್ಟಿ ಮತ್ತೆ ‘ಹೌದು’ ಒತ್ತಿದರು. ಮತ್ತೆ ಮುಚ್ಚಿತು. ಹೀಗೆ ಐದು ಸಲ. ಅವರಿಗೆ ಆಟ ಅರ್ಥವಾಗಿಲ್ಲ ಎಂದುಕೊಂಡು, ಪೆದ್ದಿಯಾದ ನಾನು, ಇದು ಇರುವುದೇ ಹೀಗೆ, ಇನ್ನೊಂದನ್ನು ಒತ್ತಿದರೆ ಮಾತ್ರ ತೆರೆಯುತ್ತದೆ ಎಂದು ವಿವರಿಸಲು ಹೋದೆ.

“ಗೊತ್ತೈತಿ ಬಿಡವ್ವ. ಅವತ್ತೂ ಹಂಗ ಇತ್ತು” ಎಂದರು.

ಆಮೇಲೆ ‘ಅಲ್ಲ’ ಒತ್ತಿದರು. ಬಾಗಿಲು ತೆರೆಯಿತು. ಒಳಗೆ ಹೋಗಲಿಲ್ಲ. ಫೋನನ್ನು ಮಡಿಲಲ್ಲಿ ಮಗುಚಿಟ್ಟರು. ಕನ್ನಡಕ ತೆಗೆದು ಒಂದೇ ಕೇಳಿದರು: “ಆಕಿಗೆ ನೆನಪೈತೇನು?”

ನನಗೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿ ಬಂದೆ. ಈಗ ನೀನೇ ಹೇಳಬೇಕು. ದಯವಿಟ್ಟು ಅಂಚೆಗೆ ಹಾಕಬೇಡ.

ನಂದಿತಾ

ಲಿಂಗಸೂಗೂರು
೨೬ ನವೆಂಬರ್ ೨೦೨೪

ನಂದಿತಾ,

ನಿನ್ನ ಕಾಗದ ಓದಿದ ದಿನವೇ ಅವ್ವನಿಗೆ ಫೋನ್ ಮಾಡಿದೆ. ಉಂಡೆಯಾ ಎಂದು ಕೇಳಿದಳು, ನೆಗಡಿ ಹೇಗಿದೆ ಎಂದು ಕೇಳಿದಳು, ನಲ್ಲಿಯಲ್ಲಿ ನೀರು ಬಂದು ಮೂರು ದಿನವಾಯಿತು ಎಂದಳು. ಆ ಮಾತನ್ನು ನಾನೇ ಎತ್ತಬೇಕಾಯಿತು. ನೆನಪಿದೆ ಎಂದೆ. ಸಿಟ್ಟಿಲ್ಲ ಎಂದೂ ಹೇಳಿದೆ. ಅದು ಪೂರ್ತಿ ನಿಜವಲ್ಲ, ಅವಳಿಗೂ ಅದು ಗೊತ್ತಾಯಿತು.

ಹೊಸ ಇಂಜಿನ್ನೇ ಇರಲಿ. ಮುಂದಿನ ವರ್ಷವಾದರೂ ಆಗಲಿ, ಅದರ ಮುಂದಿನ ವರ್ಷವಾದರೂ ಆಗಲಿ. ಇಂದಿರಾನಗರದ ಟೇಬಲ್ ಬೇರೆ ಯಾರಿಗಾದರೂ ಬಿಟ್ಟುಕೊಡು. ನೀನು ದಣಿದಿದ್ದೀಯ, ನಾನೂ ದಣಿದಿದ್ದೇನೆ. ಮೂರು ತಿಂಗಳು ಏನೂ ಮಾಡದೆ ಇದ್ದು ಆಮೇಲೆ ಶುರುಮಾಡೋಣ. ನಾನು ಒತ್ತು ತೆಗೆದು ಬರೆದದ್ದನ್ನು ಅಳಿಸಿಬಿಡು, ಬೇಸರವಿಲ್ಲ.

ಒಂದು ಕೆಲಸ ಮಾತ್ರ ಈಗಲೇ ಮಾಡು. ಅದರಲ್ಲಿ ಇನ್ನೊಂದು ಉತ್ತರ ಹಾಕಲು ಬರುತ್ತದೆಯೇ ಎಂದು ಅವ್ವ ಕೇಳಿದಳು. ಬರುತ್ತದೆ ಎಂದೆ. ಆರನೇ ಬಾಗಿಲಿಗೆ ಮೂರನೆಯ ಉತ್ತರವನ್ನು ಅವಳೇ ಹೇಳಿದ್ದಾಳೆ, ಒಂದಕ್ಷರವೂ ತಿದ್ದದೆ ಹಾಗೇ ಹಾಕು: “ಹೌದ್ರಿ, ಈಕಿ ನನ್ನ ಮಗಳು. ಅಳಂಗಿಲ್ರಿ, ಗದ್ದಲ ಮಾಡಂಗಿಲ್ರಿ. ಈಕೀನ ಬಿಟ್ಟು ನಾ ಒಳಗ ಬರಂಗಿಲ್ಲ.”

ಇದನ್ನು ಒತ್ತಿದರೆ ಬಾಗಿಲು ತೆರೆಯಬೇಕೋ ಮುಚ್ಚಬೇಕೋ ಎಂದು ಕೇಳಿದೆ. ಅದು ನಿನಗೆ ಬೇಕಾಗುತ್ತದಲ್ಲ.

“ಮುಚ್ಚಲಿ” ಎಂದಳು ಅವ್ವ. “ಆ ಹೆಣ್ಮಗಳು ತೆಗೀತಿದ್ದಿಲ್ಲ. ಆದ್ರ ನಾ ಅಂದದ್ದು ನನ್ನ ಮಗಳಿಗೆ ಕೇಳಬೇಕು.”

ಕಾವೇರಿ